ನಿಕಾನ್ 70-300 ಎಎಫ್-ಪಿ: ಅಗ್ಗದ ಲೆನ್ಸಿನಲ್ಲಿ ಹಕ್ಕಿಯ ಕಣ್ಣು ಶಾರ್ಪ್ ಆಗಿ ಬರಬೇಕಾದರೆ

ಪೂರ್ತಿ ಹೆಸರು ಉದ್ದವಿದೆ: ನಿಕಾನ್ ಎಎಫ್-ಪಿ ಡಿಎಕ್ಸ್ 70-300 ಮಿ.ಮೀ. ಎಫ್/4.5-6.3ಜಿ ಇಡಿ ವಿಆರ್. 2016ರಲ್ಲಿ ಬಂದ ಲೆನ್ಸ್. ಕ್ರಾಪ್ ಸೆನ್ಸರಿನ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್‌ಗೆ ಹಾಕಿದರೆ ಫುಲ್‌ಫ್ರೇಮಿನ 450 ಮಿ.ಮೀ.ಗೆ ಸಮನಾದ ನೋಟ ಸಿಗುತ್ತದೆ. "300ಕ್ಕೆ ಹೋದರೆ ಮಂಕು" ಎಂಬ ದೂರು ಇದರ ಬೆನ್ನು ಬಿಟ್ಟಿಲ್ಲ. ದೂರಿನಲ್ಲಿ ಕಾಲು ಭಾಗ ನಿಜ. ಉಳಿದದ್ದಕ್ಕೆ ಹೊಣೆ ಹಕ್ಕಿಗಿರುವ ದೂರ, ಶಟರ್ ವೇಗ ಮತ್ತು ಫೋಕಸ್ ಪಾಯಿಂಟ್.

ಕೊಳ್ಳುವಾಗ ಎರಡು ಕಡೆ ಎಚ್ಚರ ಬೇಕು. ಇದೇ ಲೆನ್ಸ್ ವಿಆರ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲದೆಯೂ ಬಂದಿದೆ, ನೋಡಲು ಹೆಚ್ಚುಕಮ್ಮಿ ಒಂದೇ. ಹೆಸರಿನ ಕೊನೆಯಲ್ಲಿ ವಿಆರ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಎರಡನೆಯದು ಬಾಡಿಯ, ಅಂದರೆ ಕ್ಯಾಮೆರಾದ, ಹೊಂದಾಣಿಕೆ. ಡಿ90, ಡಿ3100, ಡಿ3200, ಡಿ5100, ಡಿ7000 ಬಾಡಿಗಳಲ್ಲಿ ಇದರ ಫೋಕಸ್ ಕೆಲಸವೇ ಮಾಡುವುದಿಲ್ಲ. ರಿಂಗ್ ಕೂಡ ಎಲೆಕ್ಟ್ರಾನಿಕ್ ಆದ್ದರಿಂದ ಕೈಯಲ್ಲಿ ತಿರುಗಿಸಿಯೂ ಪ್ರಯೋಜನವಿಲ್ಲ. ಡಿ3300ರಂಥವಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಬೇಕು.

ತೂಕ 415 ಗ್ರಾಂ, ಫಿಲ್ಟರ್ ಅಳತೆ 58 ಮಿ.ಮೀ., ಮೌಂಟ್ ಪ್ಲಾಸ್ಟಿಕ್. ಮೈಮೇಲೆ ಒಂದೂ ಸ್ವಿಚ್ ಇಲ್ಲ. ವಿಆರ್ ಆನ್-ಆಫ್ ಮಾಡುವುದು ಕ್ಯಾಮೆರಾ ಮೆನುವಿನಿಂದ. ಆ ಆಯ್ಕೆಯೇ ಇಲ್ಲದ ಹಳೆಯ ಬಾಡಿಗಳಲ್ಲಿ ಅದು ಸದಾ ಆನ್. ಸ್ಟೆಪ್ಪಿಂಗ್ ಮೋಟರ್ ಮಾತ್ರ ಈ ದರ್ಜೆಗೆ ಮೀರಿದ್ದು: ಸದ್ದಿಲ್ಲ, ಚುರುಕು.

ಗಾಜಿನ ಮಾತಿಗೆ ಬಂದರೆ, 200ರವರೆಗೆ ಪೂರ್ತಿ ತೆರೆದ ಅಪರ್ಚರಿನಲ್ಲೂ (ಬೆಳಕು ಬರುವ ಕಿಂಡಿ) ನಡುಭಾಗ ಚೆನ್ನಾಗಿದೆ. 300ರಲ್ಲಿ ಎಫ್/6.3ಕ್ಕೆ ಕಾಂಟ್ರಾಸ್ಟ್ ಸ್ವಲ್ಪ ಇಳಿಯುತ್ತದೆ, ಎಫ್/8ಕ್ಕೆ ಕಿರಿದಾಗಿಸಿದರೆ ಗರಿಯ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ ತೆರುವ ಬೆಲೆ ಮುಕ್ಕಾಲು ಸ್ಟಾಪಿಗಿಂತ ತುಸು ಕಡಿಮೆ ಬೆಳಕು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಬಿಸಿಲಿದ್ದರೆ ಎಫ್/8, ನೆರಳಿದ್ದರೆ ಎಫ್/6.3ರಲ್ಲೇ ಇರಿ. ಮೂಲೆಗಳು ಮಂಕಾದರೆ ಆಗಲಿ, ಅಲ್ಲಿರುವುದು ಎಲೆ ತಾನೆ.

ಈಗ ದೂರದ ಲೆಕ್ಕ. 300ರಲ್ಲಿ 10 ಮೀಟರ್ ದೂರಕ್ಕೆ ಫ್ರೇಮಿನ ಅಗಲ ಸುಮಾರು 78 ಸೆಂ.ಮೀ. 15 ಸೆಂ.ಮೀ. ಉದ್ದದ ಗುಬ್ಬಚ್ಚಿಗೆ ಸಿಗುವುದು ಅದರ ಐದನೇ ಒಂದು ಪಾಲು, ಅಂದರೆ 24 ಮೆಗಾಪಿಕ್ಸೆಲ್ ಚಿತ್ರದ 6000 ಪಿಕ್ಸೆಲ್ ಅಗಲದಲ್ಲಿ ಸುಮಾರು 1150 ಪಿಕ್ಸೆಲ್. 5 ಮೀಟರಿಗೆ ಬಂದರೆ 2300. 25 ಮೀಟರಿನಿಂದ ತೆಗೆದರೆ 460! ಆ 460ನ್ನು ಹಿಗ್ಗಿಸಿ ನೋಡಿ ಲೆನ್ಸನ್ನು ಬೈಯುವುದು ನ್ಯಾಯವಲ್ಲ. ಬಾಗಿ, ನಿಂತು ನಿಂತು, ನೇರ ಹಕ್ಕಿಯತ್ತ ನಡೆಯದೆ ಓರೆಯಾಗಿ ಸಾಗಿ ಹತ್ತಿರವಾಗುವುದೇ ಇಲ್ಲಿ ದೊಡ್ಡ ಉಪಾಯ. ಅದು ಕತ್ತೆತ್ತಿ ನೋಡತೊಡಗಿತೋ, ಅಲ್ಲೇ ನಿಲ್ಲಿ.

ಹತ್ತಿರವಾದಷ್ಟೂ ಫೋಕಸ್ಸಿನ ಪದರ, ಅಂದರೆ ಸ್ಪಷ್ಟವಾಗಿ ಕಾಣುವ ಆಳ, ತೆಳುವಾಗುತ್ತದೆ. ಎಫ್/6.3ರಲ್ಲಿ 10 ಮೀಟರಿಗೆ ಸುಮಾರು 28 ಸೆಂ.ಮೀ., 5 ಮೀಟರಿಗೆ 7 ಸೆಂ.ಮೀ., 3 ಮೀಟರಿಗೆ ಎರಡೂವರೆ ಸೆಂ.ಮೀ. ಎದೆಯ ಮೇಲೆ ಲಾಕ್ ಆದರೆ ಕಣ್ಣು ತಪ್ಪಿಹೋಗಲು ಇಷ್ಟು ಸಾಕು. ಪಾಯಿಂಟನ್ನು ಕ್ಯಾಮೆರಾವೇ ಆರಿಸುವ ಆಟೋ ಏರಿಯಾ ಬಿಟ್ಟು ಒಂದೇ ಪಾಯಿಂಟ್ ಇಟ್ಟು, ಕಣ್ಣಿಗೇ ಗುರಿ ಹಿಡಿಯಿರಿ. ಡಿ3500ರ 11 ಪಾಯಿಂಟುಗಳಲ್ಲಿ ಕ್ರಾಸ್ ಮಾದರಿಯದು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸುವಂಥದ್ದು) ನಡುವಿನದೊಂದೇ, ಡಿ5600ರ 39ರಲ್ಲಿ ಒಂಬತ್ತು. ಎಫ್/6.3ರ ಮಬ್ಬಿನಲ್ಲಿ ಉಳಿದವು ಹಿಂದೆಮುಂದೆ ತಡಕಾಡುತ್ತವೆ. ಮೋಡ್ ಎಎಫ್-ಸಿ (ಬಿಡದೆ ಫೋಕಸ್ ಮಾಡುತ್ತಲೇ ಇರುವುದು) ಇರಲಿ: ಹಕ್ಕಿ ಅಲುಗದಿದ್ದರೂ ನೀವು ಅಲುಗುತ್ತೀರಿ, ಕೊಂಬೆಯೂ ಅಲುಗುತ್ತದೆ. ಕ್ಯಾಮೆರಾ ಹಿಂಬದಿಯ ಎಇ-ಎಲ್/ಎಎಫ್-ಎಲ್ ಗುಂಡಿಗೆ ಎಎಫ್-ಆನ್ (ಫೋಕಸ್ ಮಾಡುವ ಕೆಲಸ) ಕೊಟ್ಟರೆ ಫೋಕಸ್ ಹೆಬ್ಬೆರಳಿಗೆ, ಶಟರ್ ತೋರುಬೆರಳಿಗೆ. ಎರಡು ದಿನ ತಡವರಿಸಿದ ಮೇಲೆ ಹಳೆಯ ಪದ್ಧತಿಗೆ ಮರಳುವ ಮನಸ್ಸಾಗದು.

ಶಟರ್ ವೇಗದಲ್ಲಿ ಜನ ಜಿಪುಣರಾಗುವುದು ವಿಆರ್ ನಂಬಿಕೊಂಡು. ವಿಆರ್ ತಡೆಯುವುದು ನಿಮ್ಮ ಕೈನಡುಕವನ್ನು, ಹಕ್ಕಿಯ ಕತ್ತಿನ ಕುಲುಕನ್ನಲ್ಲ. ಮಲಗಿದ ಜಿಂಕೆಗೆ 1/125 ನಡೆಯುತ್ತದೆ. ಕೂತ ಹಕ್ಕಿಗೆ 1/500ರಿಂದ 1/800, ಹಾರುವುದಕ್ಕೆ 1/1600ರಿಂದ ಮೇಲೆ. ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಏರಿಳಿಸುವ ಆಟೋ ಐಎಸ್‌ಒದಲ್ಲಿ ಕನಿಷ್ಠ ಶಟರ್ 1/800, ಗರಿಷ್ಠ ಐಎಸ್‌ಒ 3200 ಎಂದು ಕೂರಿಸಿಬಿಟ್ಟರೆ ತಲೆ ಫೋಕಸ್ ಕಡೆಗೇ ಇರುತ್ತದೆ. ಕಾಳುಕಾಳಾದ ಫೋಟೊವನ್ನು ರಾ (ಸಂಸ್ಕರಿಸದ ಮೂಲ) ಫೈಲಿನಲ್ಲಿ ಸರಿಮಾಡಬಹುದು, ಅಲುಗಿದ್ದನ್ನು ಸರಿಮಾಡಲಾಗದು. ಅರ್ಧ ಒತ್ತಿದ ಮೇಲೆ ವ್ಯೂಫೈಂಡರಿನ ಚಿತ್ರ ನೆಲೆಗೊಳ್ಳುವವರೆಗೆ ಒಂದು ಗಳಿಗೆ ತಡೆದು ಕ್ಲಿಕ್ ಮಾಡಿ. 1/1000ಕ್ಕಿಂತ ಮೇಲೆ ವಿಆರ್ ಆಫ್ ಇದ್ದರೂ ನಷ್ಟವಿಲ್ಲ.

ಇಷ್ಟೆಲ್ಲ ಮಾಡಿಯೂ ಮಂಕೇ? ಫೋಟೊವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ, ಕಣ್ಣಿನ ಹೊಳಪಿನ ಚುಕ್ಕಿ ನೋಡಿ. ಅದು ಗೆರೆಯಾಗಿ ಎಳೆದಿದ್ದು, ಕೊಂಬೆಯ ತೊಗಟೆಯೂ ಅದೇ ದಿಕ್ಕಿಗೆ ಎಳೆದಿದ್ದರೆ ಕೈ ನಡುಗಿದೆ. ತೊಗಟೆ ಸ್ಪಷ್ಟವಾಗಿದ್ದು ತಲೆ ಮಾತ್ರ ಕಲೆಸಿದ್ದರೆ ಹಕ್ಕಿ ಅಲುಗಿದೆ, ಶಟರ್ ಏರಿಸಿ. ಹಿಂದಿನ ಎಲೆ ಶಾರ್ಪ್ ಇದ್ದು ಕಣ್ಣು ದುಂಡಗೆ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಪ್ರತಿ ಫೋಟೊದಲ್ಲೂ ಹಿಂದಕ್ಕೇ ತಪ್ಪುತ್ತಿದ್ದರೆ, ಕ್ಯಾಮೆರಾ ಟ್ರೈಪಾಡಿಗೇರಿಸಿ ಒಂದೇ ವಸ್ತುವನ್ನು ವ್ಯೂಫೈಂಡರಿನಿಂದ ಒಮ್ಮೆ, ಲೈವ್ ವ್ಯೂನಿಂದ (ಹಿಂದಿನ ಪರದೆ ನೋಡಿಕೊಂಡು) ಒಮ್ಮೆ ತೆಗೆದು ಹೋಲಿಸಿ. ಲೈವ್ ವ್ಯೂನದು ಎದ್ದು ಕಂಡರೆ ಗಾಜಿನದೇನೂ ತಪ್ಪಿಲ್ಲ, ತಿದ್ದಬೇಕಾದದ್ದು ವ್ಯೂಫೈಂಡರ್ ಫೋಕಸ್ಸಿನ ಹೊಂದಾಣಿಕೆ. ಅದನ್ನು ಮೆನುವಿನಲ್ಲೇ ತಿದ್ದುವ ಎಎಫ್ ಫೈನ್ ಟ್ಯೂನ್ ಡಿ7200, ಡಿ500ರಲ್ಲಿ ಇದೆ, ಡಿ3500, ಡಿ5600ರಲ್ಲಿ ಇಲ್ಲ. ಇಲ್ಲದವರಿಗೆ ಸರ್ವಿಸ್ ಸೆಂಟರೇ ದಾರಿ.

ಇನ್ನು ಇಡೀ ಚಿತ್ರ ಹಾಲು ಬೆರೆಸಿದಂತಿದ್ದರೆ ಮೊದಲು ಅಗ್ಗದ ಯುವಿ ಫಿಲ್ಟರ್ ಬಿಚ್ಚಿಡಿ, ಹುಡ್ ಹಾಕಿ. ಅಂಚುಗಳು ನೀರಿನಡಿಯ ವಸ್ತುವಿನಂತೆ ಬಳುಕಿದ್ದರೆ ಅದು ಬಿಸಿಗಾಳಿ. ನಡುಹಗಲಲ್ಲಿ ಬಯಲಿನಾಚೆ ತೆಗೆದದ್ದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ, ಬೆಳಗಿನವರೆಗೆ ಕಾಯಬೇಕು. ವಾಹನದಿಂದ ತೆಗೆಯುವಾಗ ಎಂಜಿನ್ ಆರಿಸಿ, ಗಾಜು ಪೂರ್ತಿ ಇಳಿಸಿ, ಒಂದು ಕಿಲೋ ಕಾಳು ತುಂಬಿದ ಚೀಲದ ಮೇಲೆ ಲೆನ್ಸ್ ಇಡಿ.

ಇದರ ನಿಜವಾದ ಮಿತಿ ಮುಸ್ಸಂಜೆ ಮತ್ತು ದಟ್ಟ ಮರದಡಿ. ಅಲ್ಲಿ ಫೋಕಸ್ಸೂ ಸೋಲುತ್ತದೆ, ಐಎಸ್‌ಒ ಕೂಡ ಏರುತ್ತದೆ. ಅದಕ್ಕಾಗಿ ನಿಕಾನಿನದೇ 200-500 ಎಫ್/5.6 ಕಡೆ ಕಣ್ಣು ಹಾಕುವವರು ಲೆಕ್ಕ ಹಾಕಿ ನೋಡಲಿ: ಸಿಗುವ ಹೆಚ್ಚುವರಿ ಬೆಳಕು ಮೂರನೇ ಒಂದು ಸ್ಟಾಪ್ ಮಾತ್ರ. 10 ಮೀಟರಿನ ಫ್ರೇಮ್ 78ರಿಂದ 47 ಸೆಂ.ಮೀ.ಗೆ ಇಳಿಯುವುದು ದೊಡ್ಡ ಲಾಭವೇ ಸರಿ, ಆದರೆ ಆ ಲೆನ್ಸ್ ತೂಗುವುದು ಸುಮಾರು 2300 ಗ್ರಾಂ.