ತಾತ್ಕಾಲಿಕ ನಿಯೋಜನೆಯೋ, ಕಾಯಂ ವರ್ಗಾವಣೆಯೋ?

ಅಮೆರಿಕ ನೌಕಾಪಡೆಯ ನಾಲ್ಕು ಸರ್ಕಾರಿ ಶಿಪ್‌ಯಾರ್ಡ್‌ಗಳಲ್ಲಿ ವೆಲ್ಡರ್ ಕೆಲಸ ಒಂದೇ, ಗಂಟೆಯ ಕೂಲಿ ಬೇರೆ ಬೇರೆ. ಆಯಾ ಪ್ರದೇಶದ ಖಾಸಗಿ ಕಂಪನಿಗಳ ಕೂಲಿ ನೋಡಿ ದರ ಕಟ್ಟುತ್ತಾರೆ. ಹಾಗಾಗಿ ಇವುಗಳಲ್ಲಿ ಒಂದಾದ ನಾರ್ಫೋಕ್ ಯಾರ್ಡ್‌ನಿಂದ ಇನ್ನೊಂದಾದ ಪ್ಯೂಜೆಟ್ ಸೌಂಡ್‌ಗೆ ಹೊರಟವರು ಯಾವ ಆದೇಶದ ಮೇಲೆ ಹೋಗುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ತಾತ್ಕಾಲಿಕವಾದರೆ ಮೂಲ ಯಾರ್ಡ್‌ನ ದರವೇ, ಜೊತೆಗೆ ಊಟ-ವಸತಿಗೆ ದಿನಭತ್ಯೆ. ಪಕ್ಕದಲ್ಲೇ ಅದೇ ಬೆಸುಗೆ ಹಾಕುವವರಿಗೆ ಹೆಚ್ಚು ಕೂಲಿಯಿದ್ದರೆ, ನನಗದು ಅನ್ಯಾಯವೆಂದೇ ಅನ್ನಿಸುತ್ತದೆ. ಭತ್ಯೆ ಖರ್ಚಿಗೆ ಕೊಡುವುದು, ದುಡಿಮೆಗಲ್ಲ. ಒಂದೇ ಕಡೆ ಕೆಲಸ ಒಂದು ವರ್ಷ ಮೀರುವಂತಿದ್ದರೆ ಭತ್ಯೆಗೂ ಆದಾಯ ತೆರಿಗೆ ಬೀಳುತ್ತದೆ.

ಕಾಯಂ ಆದರೆ ಹೊಸ ಜಾಗದ ದರ. ಕೂಲಿ ಹೆಚ್ಚಿರುವ ಕಡೆಗೆ, ಹಲವು ವರ್ಷಕ್ಕೆ ಹೋಗುವವರಿಗೆ ಇದೇ ವಾಸಿ. ಆದರೆ ಸ್ವಂತ ಅನುಕೂಲಕ್ಕೆ ಕೋರಿ ಪಡೆದ ವರ್ಗಾವಣೆಗೆ ಸರ್ಕಾರ ಸಾಗಣೆ ವೆಚ್ಚ ಕೊಡುವುದಿಲ್ಲ.