ಮಾತ್ರೆಯೋ, ಮಾತಿನ ಚಿಕಿತ್ಸೆಯೋ: ಬಿಡದೆ ಕಾಡುವ ಮಂದ ಖಿನ್ನತೆಗೆ

ಕೆಲಸಕ್ಕೆ ಹೋಗುತ್ತ, ಮನೆ ನಡೆಸುತ್ತ, ಆದರೆ ಯಾವುದರಲ್ಲೂ ರುಚಿಯಿಲ್ಲದೆ 2 ವರ್ಷಕ್ಕೂ ಹೆಚ್ಚು ಕಾಲ ದಿನದೂಡುವ ಸ್ಥಿತಿಯನ್ನು ವೈದ್ಯರು ಡಿಸ್ತೈಮಿಯಾ ಎಂದು ಗುರುತಿಸುತ್ತಾರೆ. ಮನೆಯವರು ‘ಅವನ ಸ್ವಭಾವವೇ ಹಾಗೆ’ ಎಂದು ತಳ್ಳಿಹಾಕಿರುತ್ತಾರೆ.

ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಂತಹ ಮಾತ್ರೆಗೆ ದಿನಚರಿಯಲ್ಲಿ ಹೆಚ್ಚು ಜಾಗ ಬೇಕಿಲ್ಲ, ತಿಂಡಿಯಾದ ಮೇಲೆ ಒಂದು ನುಂಗಿದರಾಯಿತು. ಆದರೆ ವಾಕರಿಕೆ, ನಿದ್ದೆಯ ಏರುಪೇರು ಮೊದಲ ವಾರದಲ್ಲೇ ಕಾಣಿಸಬಹುದು, ಗುಣ ತಿಳಿಯಲು 4ರಿಂದ 6 ವಾರ ಬೇಕಾಗಬಹುದು. ಈ ನಡುವೆಯೇ ಹಲವರು ‘ಒಗ್ಗಲಿಲ್ಲ’ ಎಂದು ಕೈಬಿಡುತ್ತಾರೆ. ಲೈಂಗಿಕ ಆಸಕ್ತಿ ಕುಗ್ಗಿದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿದಲ್ಲಿ ಅವರು ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸಬಹುದು. ತಾನಾಗಿಯೇ ಹಠಾತ್ತನೆ ನಿಲ್ಲಿಸುವುದಂತೂ ಕೂಡದು.

ಚಿಕಿತ್ಸಕರೊಡನೆ ಕುಳಿತು ಮಾತಾಡುವ ಮಾತಿನ ಚಿಕಿತ್ಸೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ, ಖಾಸಗಿಯಾದರೆ ಖರ್ಚೂ ಹೆಚ್ಚು. ಆದರೂ ‘ಕರೆದರೆ ಅವರಿಗೆ ತೊಂದರೆ’ ಎಂದುಕೊಂಡು ಸ್ನೇಹಿತನ ನಂಬರನ್ನು ಒತ್ತದೇ ಬಿಡುವಂತಹ, ವರ್ಷಗಳಿಂದ ಬೇರೂರಿದ ರೂಢಿಯನ್ನು ಬಿಡಿಸಿ ನೋಡಲು ಅದೇ ಹೆಚ್ಚು ತಕ್ಕದ್ದು.

ನಿದ್ದೆ, ಹಸಿವು ಕೆಟ್ಟು ಕುಳಿತು ಮಾತಾಡಲೂ ತ್ರಾಣವಿಲ್ಲದವರು ಮಾತ್ರೆಯಿಂದ ಆರಂಭಿಸುವುದು ಲೇಸೆಂದು ನನಗನ್ನಿಸುತ್ತದೆ. ಸಾಧ್ಯವಿದ್ದರೆ ಎರಡೂ ಜೊತೆಗಿರಲಿ. ಊರಿನಲ್ಲಿ ಚಿಕಿತ್ಸಕರಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು; ಸಾಯುವ ಯೋಚನೆ ಬರುತ್ತಿದ್ದರೆ ಈ ಹೋಲಿಕೆಯನ್ನು ಬದಿಗಿಟ್ಟು ಇಂದೇ ಕರೆಮಾಡಬೇಕು.