ಉಪ್ಪುನೀರಿನ ಊರಲ್ಲಿ ಆರ್‌ಓ: ನಾಲ್ಕು ಬೇಸಗೆಯ ಅನುಭವ

ಉಪ್ಪಳದಲ್ಲಿ ರೈಲು ಹಳಿಯಿಂದ ಕಡಲಿನ ಕಡೆಗೆ ನಮ್ಮ ಮನೆ. ಮಳೆಗಾಲದಲ್ಲಿ ಬಾವಿ ನೀರು ಸಿಹಿ. ಮಾರ್ಚ್ ದಾಟಿತೆಂದರೆ ಚಾಯದಲ್ಲೇ ಉಪ್ಪು ಗೊತ್ತಾಗುತ್ತದೆ. ಅದಕ್ಕೇ 2021ರಲ್ಲಿ ಆರ್‌ಓ ತಂದೆವು, ಅಂದರೆ ಒತ್ತಡ ಹಾಕಿ ನೀರನ್ನು ತೆಳು ಪೊರೆಯಲ್ಲಿ ದಾಟಿಸಿ ಉಪ್ಪು ತೆಗೆಯುವ ಯಂತ್ರ.

ಕೆಲಸ ಮಾಡುತ್ತದಾ? ಮಾಡುತ್ತದೆ. ಮೇ ತಿಂಗಳಲ್ಲಿ ಟಿಡಿಎಸ್ ಮೀಟರ್ (ಲೀಟರ್ ನೀರಿನಲ್ಲಿ ಉಪ್ಪು, ಖನಿಜ ಎಷ್ಟು ಮಿಲಿಗ್ರಾಂ ಕರಗಿದೆ ಎಂದು ತೋರಿಸುವುದು) ಅದ್ದಿದರೆ ಬಾವಿ ನೀರು 1150, ಲೋಟಕ್ಕೆ ಬರುವುದು 65. ಆದರೆ ಜುಲೈಯಲ್ಲಿ ಬಾವಿ ನೀರೇ 90! ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 500. ಆಗ ಆರ್‌ಓ ಯಾಕೆ ಬೇಕು? ಮಳೆಗಾಲದಲ್ಲಿ ನಾವು ಜೀರಿಗೆ ಹಾಕಿ ಕುದಿಸಿದ ನೀರನ್ನೇ ಕುಡಿಯುತ್ತೇವೆ. ಮೆಂಬ್ರೇನ್, ಅಂದರೆ ಉಪ್ಪು ತಡೆಯುವ ಆ ಪೊರೆ, ಒಣಗಬಾರದಲ್ವಾ, ಅದಕ್ಕೆ ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸುತ್ತೇನೆ.

ದೊಡ್ಡ ತಲೆನೋವು ತಡೆದ ಉಪ್ಪನ್ನು ಹೊತ್ತು ಹೊರಗೆ ಹೋಗುವ ನೀರು. ಒಂದು ಕೊಡ ತುಂಬುವಷ್ಟರಲ್ಲಿ ಮೂರು ಕೊಡ ಪೈಪಿನಲ್ಲಿ ಹೋಗುತ್ತದೆ. ಅದನ್ನು ಬಸಳೆಗೆ ಬಿಟ್ಟು ಅಮ್ಮನ ಹತ್ತಿರ ಬೈಸಿಕೊಂಡೆ, ಎಲೆಯೆಲ್ಲ ಸುಟ್ಟುಹೋಗಿತ್ತು. ಈಗ ತೆಂಗಿನ ಬುಡಕ್ಕೆ.

ಎರಡನೇ ವರ್ಷ ನೀರು ಸಣ್ಣಗೆ ಬರತೊಡಗಿತು. ಸರ್ವಿಸ್‌ಗೆ ಬಂದವನು ನೋಡಿದ ಕೂಡಲೇ "ಮೆಂಬ್ರೇನ್ ಹೋಗಿದೆ, ಬದಲಿಸಬೇಕು" ಎಂದ. ಮೀಟರ್ ಮಾತ್ರ 70 ತೋರಿಸುತ್ತಿತ್ತು. ಉಪ್ಪು ತಡೆಯುತ್ತಿದೆ ಎಂದಮೇಲೆ ಹೋಗುವುದು ಎಲ್ಲಿಂದ? ಹೊರಗಿನ ಬಿಳಿ ಫಿಲ್ಟರ್ ಬಿಚ್ಚಿದರೆ ಪೂರ್ತಿ ಕೆಂಪು ಮಣ್ಣು. ಅದೊಂದನ್ನು ಬದಲಿಸಿದೆ, ಮೊದಲಿನಂತೆ ನೀರು ಬಂತು. ಮೆಂಬ್ರೇನ್ ನಿಜವಾಗಿ ಸೋತದ್ದು ಮೂರನೇ ಬೇಸಗೆಯ ಕೊನೆಗೆ, ಮೀಟರ್ 240 ದಾಟಿದಾಗ.

ಹಳೆಯದನ್ನು ಸುಮ್ನೆ ಬಿಸಾಡಲಿಲ್ಲ, ಕತ್ತಿಯಿಂದ ಸೀಳಿ ನೋಡಿದೆ. ತೂತು ಕೊರೆದ ಕೊಳವೆಗೆ ಚಾಪೆಯಂತೆ ಸುತ್ತಿದ ಹಾಳೆಗಳು, ನಡುನಡುವೆ ಬಲೆ, ಕಂದು ಲೋಳೆ. ಹಾಳೆ ಕೈಗೆ ದಪ್ಪವೇ ಅನಿಸುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಬರೀ ಆಧಾರ. ಉಪ್ಪು ತಡೆಯುವುದು ಮೇಲಿನ ಪಾಲಿಅಮೈಡ್ ಪೊರೆ, ಸುಮಾರು 0.1ರಿಂದ 0.2 ಮೈಕ್ರಾನ್. ತಲೆಕೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ! ಪೊರೆ ತೆಳುವಾದಷ್ಟೂ ಅದೇ ಒತ್ತಡಕ್ಕೆ ನೀರು ಜಾಸ್ತಿ ದಾಟುತ್ತದೆ. ಆದ್ದರಿಂದಲೇ ನಮ್ಮ 24 ವೋಲ್ಟಿನ ಪುಟ್ಟ ಪಂಪು ಸಾಕಾಗುತ್ತದೆ. ಆಧಾರದ ಮೇಲೆ ತೆಳು ಪೊರೆ ಎಂಬ ಈ ದಾರಿ ತೋರಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಸೌರಿರಾಜನ್, 1960ರ ಹೊತ್ತಿಗೆ ಅಮೆರಿಕದಲ್ಲಿ. ಅವರ ಪೊರೆ ಸೆಲ್ಯುಲೋಸ್ ಅಸಿಟೇಟಿನದು.

ವರ್ಷದ ಸರ್ವಿಸ್ ಕಾಂಟ್ರಾಕ್ಟ್ ಬಿಟ್ಟೆ. ಮೀಟರ್ ಸ್ವಿಚ್ಚಿನ ಪಕ್ಕದಲ್ಲೇ ನೇತಾಡುತ್ತಿದೆ.

ಮೊನ್ನೆ ಬದಿಯಡ್ಕದ ಅತ್ತೆ, "ನಮಗೂ ಒಂದು ತಂದುಕೊಡು ಮಾರಾಯ" ಎಂದರು. ಅವರದು ಸುರಂಗದ ನೀರು, ಗುಡ್ಡಕ್ಕೆ ಅಡ್ಡವಾಗಿ ಕೊರೆದು ತೆಗೆಯುವುದು. ಮೀಟರ್ ಅದ್ದಿದೆ, 40. ಬೇಡ ಅತ್ತೆ ಎಂದೆ.